ಒಂದೇ ಚುಕ್ಕಿ ಕೊಡುವ ಅತ್ತೆ

ನಮ್ಮ ಸೋದರತ್ತೆಗೆ ಅರವತ್ತು ದಾಟಿದೆ. ಮೊಮ್ಮಕ್ಕಳಿದ್ದಾರೆ, ಹಣೆ ತುಂಬ ವಿಭೂತಿ ಇರುತ್ತದೆ, ಮೊಣಕಾಲು ಏಳುವಾಗಲೊಮ್ಮೆ ಕೂಡುವಾಗಲೊಮ್ಮೆ ಲಟಕ್ಕೆನ್ನುತ್ತದೆ. ಆದರೂ ನಮ್ಮ ಕಂಪನಿಯ ಕಂಪ್ಯೂಟರು ಅವಳನ್ನು ಇಪ್ಪತ್ತಾರು ವರ್ಷದ, ಮದುವೆಯಾಗದ ಗಂಡಸು ಎಂದು ನಂಬಿತ್ತು!

ಕಂಪ್ಯೂಟರಿನದೂ ಪೂರಾ ತಪ್ಪಲ್ಲ ಬಿಡಿ. ಬೆಳಗಾದರೆ ಮನೆಯಿಂದ ಹೊರಬೀಳುವುದು, ಮೂರು ಊರು ಸುತ್ತುವುದು, ಯಾವ ಮನೆಯ ಮುಂದೆಯೂ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲದಿರುವುದು, ಊಟದ ಹೊತ್ತಿಗೂ ಮನೆ ಸೇರದಿರುವುದು. ಈ ಲಕ್ಷಣಗಳನ್ನು ಹೇಳಿ ಇದು ಯಾರು ಅಂತ ಕೇಳಿದರೆ ನೀವಾದರೂ ಏನು ಹೇಳುತ್ತಿದ್ದಿರಿ? ಮನೆಯವರ ಮಾತು ಕೇಳದ ಹುಡುಗ ಅಂತ ತಾನೆ?

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಬ್ಯಾಟರಿ ಸ್ಕೂಟರುಗಳನ್ನು ಬಾಡಿಗೆಗೆ ಬಿಡುವ ಒಂದು ಕಂಪನಿಗೆ ನಾರಾಯಣಪೇಟೆಯಲ್ಲಿ ಕೂತು ಡೇಟಾ ನೋಡುತ್ತೇನೆ. ದೊಡ್ಡ ಶಹರಗಳಲ್ಲಿ ಓಡಿದ್ದು ಸಣ್ಣ ಊರುಗಳಲ್ಲೂ ಓಡುತ್ತದೆಯೇ ನೋಡೋಣ ಎಂದು ರಾಯಚೂರಿನಾಚೆ ತೆಲುಗು ಸೀಮೆಯ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಮೂರೂ ಕಡೆ ಸ್ಟ್ಯಾಂಡು ಹಾಕಿದ್ದಾರೆ. ಫೋನಿನಲ್ಲಿ ಒತ್ತಿದರೆ ಗಾಡಿಯ ಬೀಗ ತೆರೆಯುತ್ತದೆ. ಸಂತೆಗೋ ಬಸ್‌ಸ್ಟ್ಯಾಂಡಿಗೋ ಹೋಗಿ ಅಲ್ಲಿಯ ಸ್ಟ್ಯಾಂಡಿನಲ್ಲಿ ಬಿಟ್ಟು ನಡೆಯುವುದು. ಸೈಕಲ್ಲಿಗಿಂತ ಜರಾ ಜೋರು, ಅಷ್ಟೇ. ಲೈಸೆನ್ಸೂ ಬೇಡ. ಯಾವ ಗಾಡಿ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ನನ್ನ ತೆರೆಯ ಮೇಲೆ ಹಸಿರು ಗೆರೆಯಾಗಿ ಮೂಡುತ್ತದೆ. ಸವಾರರ ಹೆಸರು ನಮಗೆ ಕಾಣುವುದಿಲ್ಲ, ಬರೀ ನಂಬರು.

ಅತ್ತೆಯ ಗೆರೆ ಈಗ ಮೂಡುತ್ತಿಲ್ಲ. ಕಾಲಿನೊಳಗೆ ಸ್ಟೀಲ್ ರಾಡು ಇಟ್ಟುಕೊಂಡು ಅವಳು ರಾಯಚೂರಿನಲ್ಲಿ ಮಗಳ ಮನೆಯ ಮಹಡಿಯ ಮೇಲೆ ಕೂತಿದ್ದಾಳೆ. ಇನ್ನು ನಡೆದಾಡಬಹುದು ಎಂದು ಡಾಕ್ಟರು ಹೇಳಿ ಬಹಳ ದಿನವಾಯಿತು. ಆದರೂ ಮಕ್ತಲಿಗೆ ಬರುವುದಿಲ್ಲ ಅನ್ನುತ್ತಾಳೆ. ಯಾಕೆ ಎಂದರೆ ಕಾಲು ತೋರಿಸುತ್ತಾಳೆ. ಆ ಕಾಲಿನ ಮೇಲೆ ನನಗೆ ನಂಬಿಕೆಯಿಲ್ಲ. ಅವಳು ಬರಬೇಕು. ಬಾರದೆ ಹೋದರೆ ಈ ಮೂರು ಊರಿನ ನಕ್ಷೆ ಇಟ್ಟುಕೊಂಡು ನಾನೇನು ಮಾಡಲಿ?

ಇರಲಿ, ಆ ಇಪ್ಪತ್ತಾರರ ಗಂಡಸಿನ ಕಥೆಗೆ ಬರುತ್ತೇನೆ.

ನಮ್ಮ ಪ್ರಾಡಕ್ಟ್ ಮ್ಯಾನೇಜರು ಹೈದರಾಬಾದಿನಲ್ಲಿರುತ್ತಾರೆ. ಕನ್ನಡ ಬಾರದು, ಒಳ್ಳೆಯ ಮನುಷ್ಯ. ಮೂರು ಊರಿನಲ್ಲೂ ಎಲ್ಲರಿಗಿಂತ ಹೆಚ್ಚು ಗಾಡಿ ಹತ್ತುವ ಒಂದು ನಂಬರಿನ ಮೇಲೆ ಅವರಿಗೆ ಮೋಹ ಹುಟ್ಟಿತು. ಕಂಪ್ಯೂಟರು ವಯಸ್ಸು ಊಹಿಸಿತು, ಗಂಡಸು ಅಂದಿತು. ಇವರು ಅದಕ್ಕೊಂದು ಹೆಸರನ್ನೂ ಇಟ್ಟರು: ಮಕ್ತಲ್ ಮಹೇಶ. ತಲೆಗೆ ಟೋಪಿ, ಬೆನ್ನಿಗೆ ಬ್ಯಾಗು ಹಾಕಿಕೊಂಡ ಒಬ್ಬ ಹುಡುಗನ ಚಿತ್ರ ಬರೆಸಿ ಆಫೀಸಿನ ಗೋಡೆಗೆ ಅಂಟಿಸಿದರು. ಆಮೇಲೆ ಮೀಟಿಂಗುಗಳಲ್ಲಿ ಬರೀ ಅವನದೇ ಮಾತು. ಮಹೇಶನಿಗೆ ಏನು ಬೇಕು? ಮಹೇಶನಿಗೆ ಆ್ಯಪ್‌ನಲ್ಲಿ ಕ್ರಿಕೆಟ್ ಸ್ಕೋರು ತೋರಿಸೋಣವೇ? ಮಧ್ಯಾಹ್ನವಾದರೆ ಮಹೇಶ ಗದ್ವಾಲಿನ ಒಂದೇ ಓಣಿಗೆ ಯಾಕೆ ಹೋಗುತ್ತಾನೆ? ಅಲ್ಲೊಬ್ಬ ಹುಡುಗಿ ಇರಬೇಕು ಎಂದು ಮ್ಯಾನೇಜರು ಮುಗುಳ್ನಕ್ಕರು. ಆ ಹುಡುಗಿಯ ಚಿತ್ರವನ್ನೂ ಬರೆಸುತ್ತಿದ್ದರೋ ಏನೋ, ಅಷ್ಟರಲ್ಲಿ ಮಹೇಶನನ್ನೇ ಭೇಟಿಯಾಗುವುದೆಂದು ನಿಶ್ಚಯವಾಯಿತು. ಕಸ್ಟಮರ್ ಕೇರಿನವರು ಆ ನಂಬರಿನ ವಿಳಾಸ ತರಿಸಿ, ಬರುವುದಾಗಿ ಮೆಸೇಜು ಕಳಿಸಿ, ಚೀಟಿಯನ್ನು ಡ್ರೈವರಿನ ಕೈಗೆ ಕೊಟ್ಟರು. ಮ್ಯಾನೇಜರು ಇಸ್ತ್ರಿ ಅಂಗಿ ಹಾಕಿಕೊಂಡು ಕಾರಿನಲ್ಲಿ ಬಂದರು. ನಾನೂ ಜೊತೆಗೆ ಹೊರಟೆ.

ಕಾರು ಮಕ್ತಲಿನ ಹಳೇ ಓಣಿಗೆ ತಿರುಗಿದಾಗ ನನಗೆ ಅನುಮಾನ ಬಂತು. ನಿಂತಾಗ ಅನುಮಾನ ಉಳಿಯಲಿಲ್ಲ. ಬಾಗಿಲು ತೆರೆದದ್ದು ನನ್ನ ಸ್ವಂತ ಸೋದರತ್ತೆ!

"ಬಾರವ್ವ!" ಅಂದಳು ಅತ್ತೆ. ಕಂಪನಿಯ ಮೆಸೇಜನ್ನು ಅವಳು ನೋಡಿರಲಿಲ್ಲ. ಮ್ಯಾನೇಜರನ್ನು ಕೆಳಗಿನಿಂದ ಮೇಲಕ್ಕೆ ನೋಡಿ ನನ್ನ ಕಿವಿಯ ಹತ್ತಿರ ಬಂದು, "ಯಾರ ಬೇ ಇವ? ನಿನ್ನ ನೋಡಾಕ ಬಂದಾನೇನು? ನಿಮ್ಮಪ್ಪ ನನಗ ಒಂದು ಮಾತು ಹೇಳ್ಲಿಲ್ಲಲ್ಲ!" ಎಂದಳು. ಅವಳ ಪಿಸುಮಾತು ಎದುರುಮನೆಗೆ ಕೇಳಿಸುತ್ತದೆ.

ಮ್ಯಾನೇಜರು ತೆಲುಗಿನಲ್ಲಿ ಕೇಳಿದರು: "ಅಮ್ಮಾ, ಸ್ಕೂಟರ್ ನಡಿಪೇದಿ ಮೀ ಅಬ್ಬಾಯಾ?" ಓಡಿಸುವವನು ನಿಮ್ಮ ಮಗನೇ ಎಂದು.

"ಅಬ್ಬಾಯಿ ಲೇಡು ಬಾಬೂ, ನೇನೇ!" ಅಂದಳು ಅತ್ತೆ. ಮಗನಿಲ್ಲಪ್ಪ, ನಾನೇ!

ಅವರ ಮುಖ ನೋಡಬೇಕಿತ್ತು. ಗೋಡೆಯ ಮೇಲಿನ ಮಹೇಶ ಅವರ ಕಣ್ಣೆದುರೇ ಟೋಪಿ ತೆಗೆದು ಸೆರಗು ಹೊದ್ದುಕೊಂಡಂತಾಯಿತು. ಆದರೂ ಸಾವರಿಸಿಕೊಂಡು ಕೇಳಿದರು: ಒಂದೊಂದು ಕಡೆ ಹತ್ತೇ ನಿಮಿಷ ನಿಲ್ಲುತ್ತೀರಲ್ಲ, ಅದೇಕೆ? ಅತ್ತೆ ಮಾಡುವುದು ಸೀರೆ ವ್ಯಾಪಾರ. ನಾರಾಯಣಪೇಟೆಯಲ್ಲೂ ಗದ್ವಾಲಿನಲ್ಲೂ ನೇಯುವವರ ಮನೆಗಳಿಂದ ಸೀರೆ ತಂದು ಮಕ್ತಲಿನಿಂದ ರಾಯಚೂರಿನವರೆಗೆ ಮನೆಮನೆಗೆ ಕೊಡುತ್ತಾಳೆ. ಊರಿಂದೂರಿಗೆ ಬಸ್ಸು, ಊರೊಳಗೆ ನಮ್ಮ ಸ್ಕೂಟರು.

"ಹತ್ತು ನಿಮಿಷದ ಮ್ಯಾಲ ಕುಂತ್ರ ಚಾ ಮಾಡ್ತಾರ," ಅಂದಳು ಅತ್ತೆ. "ಒಬ್ಬರ ಮನಿ ಚಾ ಕುಡುದ ಮ್ಯಾಲ ಸೀರಿ ರೇಟು ಹೆಂಗ ಇಳಸಾಕ ಬರ್ತೈತಿ? ನೀನ ಹೇಳು!"

ನಾನು ಅನುವಾದ ಮಾಡಿದೆ. ಮ್ಯಾನೇಜರು ಅದನ್ನು ಫೋನಿನಲ್ಲಿ ಬರೆದುಕೊಂಡರು. ಹತ್ತು ನಿಮಿಷ ಕಳೆದಿತ್ತು. ಅತ್ತೆ ಚಹಾ ತಂದಳು.

ಗಾಡಿಗಳಿಗೆ ಊರಿನ ಸುತ್ತ ಒಂದು ಗೆರೆ ಹಾಕಿರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ, ಗಾಡಿಗೆ ಮಾತ್ರ ಗೊತ್ತು. ಅದನ್ನು ದಾಟಿದರೆ ಗಾಡಿ ನಿಧಾನವಾಗಿ, ಒಬ್ಬ ಹೆಂಗಸಿನ ಧ್ವನಿಯಲ್ಲಿ ತೆಲುಗಿನಲ್ಲಿ, ದಯವಿಟ್ಟು ಹಿಂದಿರುಗಿ ಎಂದು ಹೇಳುತ್ತ ನಿಂತೇಬಿಡುತ್ತದೆ. ಅತ್ತೆ ಅದನ್ನು ಸರಹದ್ದು ಅನ್ನುತ್ತಾಳೆ. ಆ ಧ್ವನಿಯ ಜೊತೆ ಅವಳು ನಡುರಸ್ತೆಯಲ್ಲಿ ಜಗಳವಾಡುವುದನ್ನು ಗದ್ವಾಲಿನವರೆಲ್ಲ ನೋಡಿದ್ದಾರೆ. "ಎಲ್ಲಿಗೆ ಹೊಂಟಿ ಅಂತ ನನ್ನ ಗಂಡನ ಮನ್ಯಾಗ ಒಬ್ಬರೂ ಕೇಳಿಲ್ಲ, ಕೇಳಾಕ ನೀ ಯಾಕಿ?" ಎಂದು ಹ್ಯಾಂಡಲ್ಲಿಗೆ ಬೆರಳು ತೋರಿಸುತ್ತಿದ್ದಳಂತೆ. ಧ್ವನಿ ಮತ್ತೆ ವಿನಯದಿಂದ, ದಯವಿಟ್ಟು ಹಿಂದಿರುಗಿ ಅನ್ನುತ್ತಿತ್ತು. "ನೋಡ್ರಿ, ಎದುರು ಮಾತಾಡ್ತಾಳ!"

ಗೆರೆಯಾಚೆ ನಾಲ್ಕು ಮಾರು ದೂರದಲ್ಲಿ ಅವಳಿಗೆ ಬೇಕಾದ ನೇಕಾರರ ಮನೆಗಳಿದ್ದವು. ಅತ್ತೆ ಸೋಲುತ್ತಾಳೆಯೇ? ಗಾಡಿಯನ್ನು ಸರಹದ್ದಿನ ಮೇಲೆಯೇ ನಿಲ್ಲಿಸಿ ಕೂಗು ಹಾಕಿದಳು. ಆ ಮನೆಗಳ ಹೆಂಗಸರು ಸೀರೆ ಹಿಡಿದುಕೊಂಡು ಗೆರೆಯವರೆಗೆ ಬಂದರು. ಅಲ್ಲೇ ಬೇವಿನ ಗಿಡದ ಕೆಳಗೆ ಮಡಿಕೆ ಬಿಚ್ಚುವುದು, ಅಂಚು ತೋರಿಸುವುದು, ರೇಟು ಮಾತಾಡುವುದು. ಕ್ರಮೇಣ ಬಳೆಗಾರನೂ ಬಂದು ಕೂತ. ನನ್ನ ತೆರೆಯ ಮೇಲೆ ನೋಡಿದರೆ ಊರು ಮುಗಿಯುವಲ್ಲಿ, ಏನೂ ಇಲ್ಲದ ಬಯಲಲ್ಲಿ, ಒಂದು ದೊಡ್ಡ ಗುಡ್ಡೆಯಂತೆ ಗೆರೆಗಳು ಸೇರುತ್ತಿದ್ದವು. ಇಲ್ಲಿ ಭಾರೀ ಬೇಡಿಕೆಯಿದೆ, ಹೊಸ ಕಾಲೇಜು ಬಂದಿರಬೇಕು ಎಂದು ಹೈದರಾಬಾದಿನಿಂದ ಮೆಸೇಜು ಬಂತು. ಕಾಲೇಜಲ್ಲ ಸಾರ್, ನಮ್ಮ ಅತ್ತೆ ಎಂದು ಬರೆದೆ. ಆ ಹೊತ್ತಿಗೆ ನಮ್ಮ ಆಫೀಸಿನಲ್ಲಿ ಅರ್ಥವಾಗದ್ದಕ್ಕೆಲ್ಲ ಅದೇ ಉತ್ತರವಾಗಿತ್ತು.

ಇನ್ನು ಚುಕ್ಕಿಯ ವಿಷಯ. ಇದನ್ನು ಬರೆಯದೆ ತಪ್ಪಿಸಿಕೊಳ್ಳಬಹುದಿತ್ತು.

ಗಾಡಿ ಇಳಿದ ಮೇಲೆ ಆ್ಯಪ್ ಕೇಳುತ್ತದೆ: ಸವಾರಿ ಹೇಗಿತ್ತು? ಐದು ಖಾಲಿ ಚುಕ್ಕಿಗಳು. ಚೆನ್ನಾಗಿದ್ದರೆ ಐದನ್ನೂ ಒತ್ತಬೇಕು, ಕೆಟ್ಟದಾಗಿದ್ದರೆ ಒಂದು. ಅತ್ತೆ ಯಾವಾಗಲೂ ಒಂದು. ನಾನು ಒಮ್ಮೆ ಪಕ್ಕದಲ್ಲಿದ್ದಾಗ ಕೇಳಿದೆ.

"ಅತ್ತಿ, ಗಾಡಿ ಸರಿ ಇಲ್ಲೇನು?"

"ಬಂಗಾರದಂಥಾ ಗಾಡಿ ಐತಿ."

"ಮತ್ತ ಒಂದ ಚುಕ್ಕಿ ಯಾಕ ಕೊಟ್ಟಿ?"

"ಥೂ ಥೂ! ಐದು ಕೊಟ್ರ ದೃಷ್ಟಿ ತಾಗಂಗಿಲ್ಲೇನು ಬೇ? ನಾವು ಒತ್ತಿದ್ದು ಹೈದ್ರಾಬಾದ್ ತನಕ ಕಾಣ್ತೈತಿ ಅಂತ ನೀನ ಹೇಳಿದಿ. ಊರ ಮಂದಿ ಕಣ್ಣೆಲ್ಲ ನಮ್ಮ ಗಾಡಿ ಮ್ಯಾಲ ಬೀಳ್ಲಿ ಅಂತೀಯಾ? ಕಾಲೇಜ್ ಕಲ್ತು ಇಷ್ಟೂ ತಿಳಿಲಿಲ್ಲ ನಿನಗ!"

ನಗಬೇಡಿ. ನಮ್ಮ ನೇಕಾರರ ಓಣಿಯಲ್ಲಿ ಮಗ್ಗದಿಂದ ಇಳಿದ ಸೀರೆಯನ್ನು ಚೆನ್ನಾಗಿದೆ ಎಂದು ಯಾರೂ ಅನ್ನುವುದಿಲ್ಲ. ಕಣ್ಣು ಕೋರೈಸುವಂಥ ಸೀರೆಯಾದರೆ, ಏನೋ ಐತಿ ಬಿಡು ಅನ್ನುತ್ತಾರೆ. ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದಾಗ ಅತ್ತೆ ಓಣಿಗೆಲ್ಲ ಪೇಢಾ ಹಂಚಿ, ಹೆಂಗೋ ದಾಟಿತ್ರಿ ಹುಡುಗಿ, ಶಾಣ್ಯಾ ಏನಲ್ಲ ಎಂದು ಹೇಳಿಕೊಂಡು ಬಂದಿದ್ದಳು. ನಾರಾಯಣಪೇಟೆಯ ಸ್ಟ್ಯಾಂಡಿನಲ್ಲಿ ಬ್ರೇಕು ಕಿರುಗುಟ್ಟುವ ಒಂದು ಗಾಡಿಯಿತ್ತು, ಸೀಟು ಹರಿದಿತ್ತು. ಅದಕ್ಕೆ ಮಾತ್ರ ಐದಕ್ಕೆ ಐದು! "ಪಾಪ, ಅದರ ಮ್ಯಾಲ ಯಾರು ಕಣ್ಣು ಹಾಕ್ತಾರ? ಇರವಲ್ದ್ಯಾಕ," ಅಂದಳು.

ಅತ್ತೆ ಕಲಿತದ್ದನ್ನು ತನ್ನಲ್ಲೇ ಇಟ್ಟುಕೊಳ್ಳುವವಳಲ್ಲ. ಓಣಿಯ ಹೆಂಗಸರಿಗೆಲ್ಲ ಗಾಡಿ ಕಲಿಸಿದಳು, ಜೊತೆಗೆ ಚುಕ್ಕಿಯನ್ನೂ ಕಲಿಸಿದಳು. ಮಕ್ತಲಿನ ಹಳೇ ಓಣಿಯ ಮುಂದಿದ್ದ ಸ್ಟ್ಯಾಂಡೆಂದರೆ ಅವರಿಗೆ ಪ್ರಾಣ. ಬೆಳಿಗ್ಗೆ ಗಾಡಿಗಳನ್ನು ಒರೆಸುತ್ತಿದ್ದರು, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತಿದ್ದರು. ಹೀಗಾಗಿ ಕಂಪನಿಯ ಎಲ್ಲ ಸ್ಟ್ಯಾಂಡುಗಳಲ್ಲಿ ಅತ್ಯಂತ ಕಡಿಮೆ ಚುಕ್ಕಿ ಬಿದ್ದದ್ದು ಅದಕ್ಕೇ!

ನಾನು ವರದಿಯಲ್ಲಿ ಎಲ್ಲವನ್ನೂ ಬರೆದೆ. ಈ ಒಂದು ಚುಕ್ಕಿ ಎಂದರೆ ಪ್ರೀತಿ, ದಯವಿಟ್ಟು ಇದನ್ನು ತಿರುಗಿಸಿ ಓದಿ ಎಂದೆ. ಮ್ಯಾನೇಜರು ಫೋನು ಮಾಡಿ ಮನಸಾರೆ ನಕ್ಕರು. ಬಹಳ ಚೆಂದ ಇದೆ, ಆದರೆ ಮೀಟಿಂಗಿನಲ್ಲಿ ಇದನ್ನು ಹೇಗೆ ತೋರಿಸಲಿ ಎಂದು ಕೇಳಿದರು. ಮೀಟಿಂಗಿನಲ್ಲಿ ಕೆಂಪು ಬಣ್ಣದಲ್ಲಿ ಕಂಡದ್ದು ಮಕ್ತಲಿನ ಸ್ಟ್ಯಾಂಡು. ಅದು ಅಲ್ಲಿ ಜನರಿಗೆ ಹಿಡಿಸಿಲ್ಲ, ಜಾಗ ಬದಲಿಸಿ ಎಂದು ತೀರ್ಮಾನವಾಯಿತು. ಓಣಿಯ ಮುಂದಿನಿಂದ ಕಿತ್ತು, ಹೆದ್ದಾರಿಯ ಆಚೆ ಬದಿ, ಬಸ್‌ಸ್ಟ್ಯಾಂಡಿನ ಮಗ್ಗುಲಿಗೆ ಹಾಕಿದರು. ಅಂದರೆ ಅಷ್ಟು ಪ್ರೀತಿ ಮಾಡಿದ್ದಕ್ಕೇ ಅದು ರಸ್ತೆಯಾಚೆ ಹೋಯಿತು. ಇನ್ನು ಮೇಲೆ ಗಾಡಿ ತರಬೇಕೆಂದರೂ ಬಿಡಬೇಕೆಂದರೂ ಓಣಿಯವರು ಹೆದ್ದಾರಿ ದಾಟಬೇಕು.

ಈ ಸಂಗತಿಯನ್ನು ನಾನು ಅತ್ತೆಗೆ ಹೇಳಿಲ್ಲ. ಹೇಳುವುದೂ ಇಲ್ಲ.

ಹೊಸ ಸ್ಟ್ಯಾಂಡು ಹೇಗೆ ನಡೆಯುತ್ತಿದೆ ನೋಡಿ ಬಾ ಎಂದು ನನ್ನನ್ನು ಮಕ್ತಲಿಗೆ ಕಳಿಸಿದರು. ಬೆಳಗಿನ ಬಿಸಿಲು ಚೆನ್ನಾಗಿತ್ತು. ಸ್ಟ್ಯಾಂಡಿನ ಹತ್ತಿರ ನಿಂತು ಇಡ್ಲಿ ತಿನ್ನುತ್ತಿದ್ದೆ. ಆ ಬದಿಯಲ್ಲಿ, ಹಿಂದಿನ ರಾತ್ರಿ ಮನೆಗೆ ಒಯ್ದಿದ್ದ ಗಾಡಿಯನ್ನು ಬಿಡಲು ಬರುತ್ತಿದ್ದ ಅತ್ತೆ ಕಂಡಳು. ಕಾಲುಗಳ ನಡುವೆ ಸೀರೆಯ ಗಂಟು ಇಟ್ಟುಕೊಂಡು, ಸೆರಗನ್ನು ಸೊಂಟಕ್ಕೆ ಬಿಗಿದು, ನೆಟ್ಟಗೆ ಕೂತಿದ್ದಳು. ನಿಯಮ ಗೊತ್ತಿದ್ದವಳು. ರಾಯಚೂರಿನ ಬಸ್ಸು ಬರುತ್ತಿತ್ತು, ನಿಂತಳು. ಬಸ್ಸಿನವನು ಹೋಗಮ್ಮ ಎಂದು ಕೈಮಾಡಿ ಬಸ್ಸು ನಿಲ್ಲಿಸಿದ. ಅವನಿಗೂ ಅತ್ತೆಯ ಪರಿಚಯ, ಈ ರಸ್ತೆಯಲ್ಲಿ ಯಾರಿಗಿಲ್ಲ? ಅತ್ತೆ ಅವನಿಗೆ ತಲೆಯಾಡಿಸಿ ಹೊರಟಳು. ನಿಂತ ಬಸ್ಸಿನ ಹಿಂದಿನಿಂದ ಭತ್ತದ ಚೀಲ ತುಂಬಿದ ಲಾರಿ ಬಸ್ಸನ್ನು ದಾಟಿಕೊಂಡು ಬಂತು. ಅವಳಿಗೆ ಅದು ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು. ನನ್ನ ಬಾಯಿ ತೆರೆದಿತ್ತು, ಧ್ವನಿ ಬರಲಿಲ್ಲ.

ಬ್ರೇಕಿನ ಸದ್ದು. ಸುಟ್ಟ ರಬ್ಬರಿನ ವಾಸನೆ. ಗಾಡಿ ಮಗುಚಿ ಅವಳ ಕಾಲಿನ ಮೇಲಿತ್ತು. ಲಾರಿಯ ಚಕ್ರ ಅವಳ ತಲೆಯಿಂದ ಒಂದು ಮೊಳ ಆಚೆ ನಿಂತಿತ್ತು. ಗಂಟು ಬಿಚ್ಚಿ ಸೀರೆಗಳು ರಸ್ತೆಗೆ ಬಿದ್ದಿದ್ದವು. ಸುತ್ತ ಸೇರಿದ ಜನರಿಗೆ ಬಿದ್ದಲ್ಲಿಂದಲೇ ಅತ್ತೆ ಬೈದಳು: "ತುಳೀಬ್ಯಾಡ್ರಿ ಮಾರಾಯ್ರ, ಸೀರಿ ಎತ್ರಿ ಮೊದ್ಲು!" ಲಾರಿಯ ಡ್ರೈವರು ಇಳಿದು ಬಂದವನು ರಸ್ತೆಯ ಮೇಲೇ ಕೂತು ಅಳತೊಡಗಿದ. "ಅವಂಗ ಯಾರರ ನೀರು ಕೊಡ್ರಿ," ಅಂದಳು. ಆಮೇಲೆ ನನ್ನ ಕಡೆ ನೋಡಿದಳು. ಆಮೇಲೆ ಎಚ್ಚರ ತಪ್ಪಿದಳು.

ಆ ಗಾಡಿಯ ಹಸಿರು ಗೆರೆ ಕಂಪ್ಯೂಟರಿನಲ್ಲಿದೆ. ಬೇಕಾದಷ್ಟು ಸಲ ಓಡಿಸಿ ನೋಡಬಹುದು. ಓಡಿಸುತ್ತೇನೆ. ಓಣಿಯಿಂದ ಹೊರಡುತ್ತದೆ, ಮೂಲೆಯಲ್ಲಿ ತಿರುಗುತ್ತದೆ, ರಸ್ತೆಯಂಚಿಗೆ ಬಂದು ಕಾಯುತ್ತದೆ, ಹೊರಡುತ್ತದೆ, ನಡುರಸ್ತೆಯಲ್ಲಿ ನಿಲ್ಲುತ್ತದೆ. ಪ್ರತಿ ಸಲವೂ ಅಲ್ಲೇ ನಿಲ್ಲುತ್ತದೆ. ಸಾವಿರ ಬಗೆಯ ಲೆಕ್ಕ ಮಾಡುವ ಕಂಪ್ಯೂಟರು ಒಂದೇ ಒಂದು ಸಲ ಆ ಗೆರೆಯನ್ನು ಈಚೆ ಬದಿಗೆ, ನಾನು ನಿಂತಲ್ಲಿಗೆ, ದಾಟಿಸಬಾರದೇ?

ಸ್ಟ್ಯಾಂಡು ಈಗ ಮತ್ತೆ ಓಣಿಯ ಮುಂದೆಯೇ ಇದೆ. ಮ್ಯಾನೇಜರು ತಾವೇ ಬಂದು ನಿಂತು ಹಾಕಿಸಿದರು. ನಾನು ಸ್ಕೂಟರು ಹತ್ತುವುದನ್ನು ಬಿಟ್ಟಿದ್ದೇನೆ. ರಸ್ತೆ ದಾಟುವಾಗ ಯಾರಾದರೂ ಅಪರಿಚಿತರ ಪಕ್ಕ ಸೇರಿಕೊಳ್ಳುತ್ತೇನೆ. ಗದ್ವಾಲಿಗೆ ಹೋದರೆ ಬೇವಿನ ಗಿಡದ ಕೆಳಗಿನ ಹೆಂಗಸರು, ನಿಮ್ಮತ್ತಿ ಯಾವಾಗ ಬರ್ತಾರ್ರಿ ಎಂದು ಕೇಳುತ್ತಾರೆ. ಬಳೆಗಾರ ಎದ್ದುಹೋಗಿದ್ದಾನೆ. ಮನೆಮನೆಯಲ್ಲಿ ಹತ್ತು ನಿಮಿಷಕ್ಕೆ ಎದ್ದು ಹೊರಡುವ ಆ ಗಡಿಬಿಡಿ, ರಸ್ತೆಯ ಆ ತುದಿಯಿಂದ ಕೇಳಿಸುವ ಪಿಸುಮಾತು, ಇವೆಲ್ಲ ಇಲ್ಲದ ಊರು ನನಗೆ ಬಹಳ ಚೊಕ್ಕಟವಾಗಿ, ಬಹಳ ಖಾಲಿಯಾಗಿ ಕಾಣುತ್ತದೆ.

ಪ್ರತಿ ಭಾನುವಾರ ರಾಯಚೂರಿಗೆ ಹೋಗುತ್ತೇನೆ. ಮೊನ್ನೆಯೂ ಹೋಗಿದ್ದೆ. ಬಾಗಿಲಲ್ಲೇ ಅತ್ತೆಯ ಮಗಳು ಸಿಕ್ಕಳು. ನನಗಿಂತ ದೊಡ್ಡವಳು, ನಾನು ಅಕ್ಕ ಅನ್ನುತ್ತೇನೆ.

"ಕಾಲು ಹೆಂಗೈತಕ್ಕ?" ಎಂದೆ.

"ಕಾಲಿಗೇನಾಗೈತಿ? ನಿನ್ನೆ ಒಬ್ಬಾಕಿನ ಭಾಜಿ ಮಾರ್ಕೆಟ್ಟಿಗೆ ಹೋಗಿ ಬಂದಾಳ. ರಸ್ತಾ ದಾಟಿ! ಅಂಗಡ್ಯಾವನ ಕೂಡ ಬದ್ನಿಕಾಯಿ ರೇಟಿಗೆ ಜಗಳಾಡಿ ಬಂದಾಳ. ನೀ ಬರ್ತಿ ಅಂದ್ರ ಮಾತ್ರ ಹಾಸ್ಗಿ ಮ್ಯಾಲ ಕುಂದರ್ತಾಳ ನೋಡು!"

ಮಹಡಿ ಹತ್ತಿದೆ. ಅತ್ತೆ ಮಂಚದ ಮೇಲೆ ಕಾಲು ಚಾಚಿ, ರೋಗಿಯಂತೆ ಮುಖ ಮಾಡಿಕೊಂಡು ಕೂತಿದ್ದಳು. ನನಗೆ ಸಿಟ್ಟು ಬಂತು.

"ಅತ್ತಿ, ಮಾರ್ಕೆಟ್ಟಿಗೆ ಹೋಗಾಕ ಬರ್ತೈತಿ, ಮಕ್ತಲಿಗೆ ಬರಾಕ ಬರಂಗಿಲ್ಲೇನು? ಅಲ್ಲಿ ಎಲ್ಲಾರೂ ದಾರಿ ಕಾಯಾಕತ್ತಾರ. ನಾ ಕಾಯಾಕತ್ತೀನಿ. ಯಾಕ ಬರವಲ್ಲಿ? ಹೆದರಿಕಿ ಆಗ್ತೈತೇನು?"

"ನನಗ್ಯಾಕ ಹೆದರಿಕಿ?" ಅಂದಳು. ಕೆಳಗೆ ರಸ್ತೆಯಲ್ಲಿ ಯಾವುದೋ ದೊಡ್ಡ ಗಾಡಿ ಹಾದುಹೋಯಿತು. ನನ್ನ ಕೈಯಲ್ಲಿದ್ದ ನೀರಿನ ಲೋಟ ತುಳುಕಿ ಹಾಸಿಗೆಯ ಮೇಲೆ ಚೆಲ್ಲಿತು. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟಳು. ಚೆಲ್ಲಿದ ನೀರನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಪಿಸುಗುಟ್ಟಿದಳು. ಈ ಸಲ ಅದು ನಿಜವಾಗಿಯೂ ಪಿಸುಮಾತಾಗಿತ್ತು.

"ದವಾಖಾನ್ಯಾಗ ಕಣ್ಣು ತಗದಾಗಿಂದ ನೋಡಾಕತ್ತೀನವ್ವ. ನೀ ನನ್ನ ಕಾಲು ನೋಡ್ತಿ, ಗ್ವಾಡಿ ನೋಡ್ತಿ, ಕಿಡಕಿ ನೋಡ್ತಿ. ನನ್ನ ಮಾರಿ ಒಂದು ನೋಡಂಗಿಲ್ಲ. ನೋಡಿದ್ರ ನಿನಗ ಲಾರಿ ಕಾಣ್ತೈತಿ. ಅಲ್ಲಿ ಬಂದು ದಿನಾ ನಿನ್ನ ಕಣ್ಣ ಮುಂದ ಅಡ್ಡಾಡಿದ್ರ ನೀ ಹೆಂಗ ಬದುಕ್ತಿ? ಜರಾ ಮರೀಲಿ ಅಂತ ಇಲ್ಲಿ ಕುಂತೀನಿ."

ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಅವಳು ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿದಳು. "ಇಲ್ಲಿ ನೋಡು. ಲಾರಿ ಹೋತು. ಜಲ್ದಿ ಏನಿಲ್ಲ, ನೋಡು."

ನೋಡಿದೆ. ಮೊದಲು ಲಾರಿಯೇ ಬಂತು. ಅತ್ತೆ ಕೈ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಹುಬ್ಬಿನ ಮೇಲೆ ಹೊಲಿಗೆಯ ಗುರುತು ಕಂಡಿತು. ಕಿವಿಯ ಹತ್ತಿರ ಪೂರಾ ಬೆಳ್ಳಗಾದ ಕೂದಲು ಕಂಡಿತು. ಅಳದೆ ಇರಲು ಬಿಗಿಹಿಡಿದ ತುಟಿ ಕಂಡಿತು. ಆಮೇಲೆ ಅತ್ತೆ ಕಂಡಳು.